.311ರ ತಾಮ್ರದ ಗುಂಡನ್ನು ಒತ್ತಿ .308 ಮಾಡಬಹುದಾ?

ಪ್ರಶ್ನೆ (ಸ್ಯಾಕ್ರಮೆಂಟೊದಿಂದ)

ಸರ್, ನಮಸ್ಕಾರ. ಊರು ತಿಪಟೂರು, ಈಗ ಕ್ಯಾಲಿಫೋರ್ನಿಯಾ. ಗ್ರೀನ್ ಕಾರ್ಡ್ ಇದೆ. ಪಕ್ಕದ ಮನೆಯ ಅಜ್ಜನ ಜೊತೆ ಮೂರು ವರ್ಷದಿಂದ ಜಿಂಕೆ ಬೇಟೆಗೆ ಹೋಗುತ್ತಿದ್ದೇನೆ. ಮನೆಯಲ್ಲೇ ತೋಟಾ ತುಂಬುವುದನ್ನೂ, ಅಂದರೆ ಖಾಲಿ ಕೇಸ್‌ಗೆ ಮದ್ದು ಹಾಕಿ ಬಾಯಿಗೆ ಗುಂಡು ಕೂರಿಸುವುದನ್ನೂ, ಅವರೇ ಕಲಿಸಿದರು. ಇಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ಹಾಗಾಗಿ ಪೂರ್ತಿ ತಾಮ್ರದ್ದೇ ತರುತ್ತೇನೆ.

ಮೊನ್ನೆ ಒಬ್ಬರು ಅರ್ಧ ಬೆಲೆಗೆ ಎರಡು ಡಬ್ಬಿ ಕೊಟ್ಟರು. ಒಟ್ಟು ನೂರು ಗುಂಡು. ಮನೆಗೆ ತಂದು ನೋಡಿದರೆ ಅವು .311 ಇಂಚಿನವು, ಹಳೇ .303 ರೈಫಲ್‌ಗೆ ಆಗುವಂಥವು. ನನ್ನದು .308. ಅಜ್ಜ ಸೀಸದ ಗುಂಡನ್ನು ಎರಕ ಹೊಯ್ದು, ಪ್ರೆಸ್‌ಗೆ ಡೈ (ಅಳತೆಯ ತೂತಿರುವ ಅಚ್ಚು) ಹಾಕಿ ಒತ್ತಿ ಸೈಜ್ ಮಾಡುತ್ತಾರೆ. ಅದೇ ಡೈಯಲ್ಲಿ ಇವನ್ನೂ ಒತ್ತಿದರೆ ಆಗಲ್ವಾ? ವ್ಯತ್ಯಾಸ ಇಂಚಿನ ಸಾವಿರ ಪಾಲಿನಲ್ಲಿ ಮೂರು ಪಾಲು ಅಷ್ಟೇ.

ಉತ್ತರ (ಗನ್‌ಸ್ಮಿತ್, ರೀನೋದಿಂದ)

ಮೊದಲು ಒಂದು ಮಾತು. "ಅಷ್ಟೇ ತಾನೇ" ಅಂತ ಒತ್ತದೆ ಹಾಗೇ ತುಂಬಿ ಹೊಡೆಯುವ ಯೋಚನೆ ಏನಾದರೂ ಬಂದಿದ್ದರೆ ಇವತ್ತೇ ಬಿಡಿ. ದಪ್ಪ ಗುಂಡು ಕೂತ ತೋಟಾದ ಕುತ್ತಿಗೆಯೂ ದಪ್ಪವಾಗುತ್ತೆ. ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಕಡೆ, ಆ ಕುತ್ತಿಗೆ ಹಿಗ್ಗಿ ಗುಂಡನ್ನು ಬಿಟ್ಟುಕೊಡಲು ಜಾಗ ಇರಬೇಕು. ಜಾಗ ಇಲ್ಲದಿದ್ದರೆ ಮದ್ದು ಉರಿಯುತ್ತಿರುತ್ತೆ, ಗುಂಡು ಹೊರಡುವುದಿಲ್ಲ, ಒತ್ತಡ ಏರುತ್ತಾ ಹೋಗುತ್ತೆ. .308 ವಿಂಚೆಸ್ಟರ್‌ಗೆ ಅಮೆರಿಕದ ಮಾನದಂಡದಲ್ಲಿ ಇರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಇದೆಲ್ಲ ನಡೆಯುವುದು ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಇನ್ನು ಒತ್ತುವ ವಿಚಾರ. ನನ್ನ ಉತ್ತರ: ಬೇಡ, ಮಾರಿಬಿಡಿ. ಕಾರಣ ಸ್ವಲ್ಪ ಉದ್ದ ಇದೆ.

ಈ ದೇಶಕ್ಕೆ ಬರುವ ಮುಂಚೆ ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಹನ್ನೊಂದು ವರ್ಷ ಡೈ ಮಾಡಿದವನು. ನಿಮ್ಮ "ಮೂರು ಪಾಲು" ಅಂದರೆ 76 ಮೈಕ್ರಾನ್. ಅಲ್ಲಿ ಹತ್ತು ಮೈಕ್ರಾನ್ ಹೆಚ್ಚುಕಮ್ಮಿ ಆದರೆ ಪೀಸ್ ಮೇಜಿಗೆ ವಾಪಸ್ ಬರುತ್ತಿತ್ತು, ಜೊತೆಗೆ ಸೂಪರ್‌ವೈಸರ್ ಕೂಡ ಬರುತ್ತಿದ್ದರು.

ಸೀಸ ಸಾಧು ಲೋಹ. ಒತ್ತಿದಷ್ಟೇ ಒತ್ತಿಸಿಕೊಂಡು ಅಲ್ಲೇ ಇರುತ್ತೆ. ತಾಮ್ರ ಹಾಗಲ್ಲ. ಡೈಯಿಂದ ಹೊರಬಿದ್ದ ಕ್ಷಣ ಸ್ವಲ್ಪ ವಾಪಸ್ ಹಿಗ್ಗುತ್ತೆ. ನಾವು ಅದನ್ನು ಸ್ಪ್ರಿಂಗ್ ಬ್ಯಾಕ್ ಅನ್ನುತ್ತಿದ್ದೆವು. ಅರೆಗಡಸು ತಾಮ್ರಕ್ಕೆ ಲೆಕ್ಕ ಹಾಕಿದರೆ ಈ ವ್ಯಾಸದಲ್ಲಿ ಸುಮಾರು 15 ಮೈಕ್ರಾನ್ ಬರುತ್ತೆ. ಒತ್ತುವಾಗ ಡೈಯೂ ಒಂದಿಷ್ಟು ಹಿಗ್ಗುತ್ತೆ, ಅದು ಬೇರೆ. ಅಂದರೆ .308 ಎಂದು ಕೆತ್ತಿರುವ ಡೈಯಿಂದ ಬರುವ ಗುಂಡು .308 ಇರುವುದಿಲ್ಲ. ಸರಿಯಾಗಬೇಕಾದರೆ ಡೈಯನ್ನೇ ಸಣ್ಣದಾಗಿ ಮಾಡಿಸಬೇಕು. ಎಷ್ಟು ಸಣ್ಣದು ಅನ್ನುವುದು ಆ ತಯಾರಕರು ತಾಮ್ರವನ್ನು ಎಷ್ಟು ಗಡಸು ಮಾಡಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಡಬ್ಬಿ ಮೇಲೆ ಅದನ್ನು ಬರೆದಿರುವುದಿಲ್ಲ.

ಅಜ್ಜನ ಡೈಯಲ್ಲಿ ಮೂತಿ ಮೊದಲು ಒಳಗೆ ಹೋಗುತ್ತೆ, ಬುಡದಿಂದ ತಳ್ಳುತ್ತೀರಿ. ಒತ್ತಿದ ಲೋಹ ಎಲ್ಲಾದರೂ ಹೋಗಬೇಕಲ್ಲ? ಅಡ್ಡಳತೆ ಶೇಕಡಾ 1 ಕಮ್ಮಿಯಾದರೆ ಆ ಭಾಗದ ಉದ್ದ ಸುಮಾರು ಶೇಕಡಾ 2 ಬೆಳೆಯುತ್ತೆ. ಬುಡದ ಅಂಚಿನಲ್ಲಿ ಸಣ್ಣ ರೆಕ್ಕೆಯಂತೆ ಏಳಲೂಬಹುದು. ನಳಿಗೆಯಿಂದ ಗುಂಡು ಹೊರಬೀಳುವಾಗ ಹಿಂದಿನ ಗ್ಯಾಸ್ ಬುಡದ ಸುತ್ತ ಸಮನಾಗಿ ಹೊರಡಬೇಕು. ಅಂಚು ಒಂದು ಕಡೆ ಕೆಟ್ಟಿದ್ದರೆ ಗುಂಡು ಅಲ್ಲೇ ವಾಲುತ್ತೆ.

ಆಮೇಲೆ ಗ್ರೂವ್‌ಗಳು. ಗುಂಡಿನ ಮೈಮೇಲೆ ಸುತ್ತ ಕೊರೆದ ಸಾಲುಗಳಿವೆಯಲ್ಲ, ಅಂದಕ್ಕೆ ಇಟ್ಟದ್ದಲ್ಲ. ಬಾರ್ನ್ಸ್ ಕಂಪನಿ 1989ರಲ್ಲಿ ಎಕ್ಸ್ ಬುಲೆಟ್ ಬಿಟ್ಟಾಗ ಮೈ ನುಣ್ಣಗಿತ್ತು. ನಳಿಗೆಗೆ ತಾಮ್ರ ಮೆತ್ತಿಕೊಳ್ಳುತ್ತೆ, ಒತ್ತಡ ಜಾಸ್ತಿ ಅನ್ನುವ ದೂರು ಬಂತು. 2003ರಲ್ಲಿ ಗ್ರೂವ್ ಇರುವ ಟಿಎಸ್ಎಕ್ಸ್ ಅನ್ನುವ ಗುಂಡು ಬಂತು. ನಳಿಗೆಯ ಒಳಗಿನ ಏಣುಗಳು ತಾಮ್ರವನ್ನು ಕೊರೆದಾಗ ಪಕ್ಕಕ್ಕೆ ಸರಿದ ಲೋಹಕ್ಕೆ ಕೂರಲು ಆ ಗ್ರೂವ್‌ಗಳೇ ಜಾಗ. ನೀವು ಡೈಯಲ್ಲಿ ಒತ್ತಿದಾಗ ಆ ಜಾಗದ ಒಂದು ಪಾಲು ಮನೆಯಲ್ಲೇ ತುಂಬಿಹೋಗಿರುತ್ತೆ.

ನಿಮ್ಮ ಪರವಾಗಿ ಒಂದು ಮಾತು ಹೇಳಬೇಕು. ಮಾಮೂಲಿ ಗುಂಡಿಗಿಂತ, ಅಂದರೆ ಒಳಗೆ ಸೀಸ, ಹೊರಗೆ ತಾಮ್ರದ ಕವಚ ಇರುವುದಕ್ಕಿಂತ, ಪೂರ್ತಿ ತಾಮ್ರದ್ದು ಒತ್ತಲು ವಾಸಿ. ಕವಚದ ಗುಂಡನ್ನು ಸಣ್ಣ ಮಾಡಿದರೆ ಹೊರಗಿನ ತಾಮ್ರ ವಾಪಸ್ ಹಿಗ್ಗುತ್ತೆ, ಒಳಗಿನ ಸೀಸ ಹಿಗ್ಗುವುದಿಲ್ಲ. ಎರಡರ ನಡುವೆ ಸಡಿಲ ಬಿದ್ದು ಹಿಡಿತ ಹೋಗುತ್ತೆ. ಪೂರ್ತಿ ತಾಮ್ರದಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಹಳೇ ಅಳತೆಯ ರೈಫಲ್ ಇಟ್ಟುಕೊಂಡು, ಅದಕ್ಕೆ ಬೇರೆ ಗುಂಡೇ ಸಿಗದವರು ಡೈ ಮಾಡಿಸಿ ಒತ್ತಿಕೊಳ್ಳುವುದುಂಟು. ನಿಮಗೆ ಆ ಕಷ್ಟ ಏನಿದೆ? .308ಕ್ಕೆ ತಾಮ್ರದ ಗುಂಡು ಅಂಗಡಿಯಲ್ಲೇ ಸಿಗುತ್ತೆ.

ನಾನೂ ಒಮ್ಮೆ ಮಾಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಹಳೇ ಜರ್ಮನ್ ಮೌಸರ್ ಒಂದು ರಿಪೇರಿಗೆ ಬಂದಿತ್ತು. ಅದರ ನಳಿಗೆ .318, ಪೇಟೆಯಲ್ಲಿ ಸಿಗುವುದು .323. ಜಂಬದಲ್ಲಿ ಇಪ್ಪತ್ತು ಗುಂಡು ಒತ್ತಿದೆ. ನಾಲ್ಕು ಡೈಯಲ್ಲೇ ಸಿಕ್ಕಿಕೊಂಡವು. ಉಳಿದ ಹದಿನಾರಕ್ಕೆ ಮೈಕ್ರೋಮೀಟರ್ ಹಿಡಿದರೆ ಒಂದೊಂದೂ ಒಂದೊಂದು ಅಳತೆ. ಗಿರಾಕಿಗೆ ಕೊಡಲಿಲ್ಲ. ಡಬ್ಬಿ ಈಗಲೂ ಬೆಂಚಿನ ಮೇಲಿದೆ, ಪೇಪರ್ ಹಾರದಂತೆ ಇಡುತ್ತೇನೆ.

ಪ್ರಶ್ನೆ (ಆಸ್ಟಿನ್‌ನಿಂದ)

ಮೆಕ್ಯಾನಿಕಲ್ ಓದಿದ ಚಪಲಕ್ಕೆ ಕೇಳುತ್ತಿದ್ದೇನೆ. ಕಾಯಿಸಿ ಮೆತ್ತಗೆ ಮಾಡಿಕೊಂಡು ಒತ್ತಿದರೆ? ಇಲ್ಲ ಅಂದರೆ ಲೇತ್‌ಗೆ ಕಟ್ಟಿ ತಿರುವಿದರೆ?

ಉತ್ತರ

ಹಂಡೆ ಬಡಿಯುವವರನ್ನು ನೋಡಿದ್ದೀರಾ? ಬಡಿದಷ್ಟೂ ತಾಮ್ರ ಗಡಸಾಗುತ್ತೆ, ಮತ್ತೆ ಬೆಂಕಿಗೆ ಹಿಡಿದು ಹದ ಮಾಡಿಕೊಳ್ಳುತ್ತಾರೆ, ಮತ್ತೆ ಬಡಿಯುತ್ತಾರೆ. ಉಕ್ಕಿನಂತೆ ಇದನ್ನು ನೀರಿಗೆ ಅದ್ದಿ ಗಡಸು ಮಾಡಲು ಬರುವುದಿಲ್ಲ. ಹಾಗಾಗಿ ಕಾಯಿಸಿ ಒತ್ತುವುದು ತಪ್ಪು ಯೋಚನೆಯಲ್ಲ. ಹಂಡೆಗೆ.

ಗುಂಡಿಗೆ ಯಾಕೆ ಬೇಡ ಅಂದರೆ, ಅದರ ಮೂತಿ ಪ್ರಾಣಿಗೆ ತಗುಲಿದಾಗ ನಾಲ್ಕು ದಳವಾಗಿ ಬಿಚ್ಚಿಕೊಳ್ಳುವಂತೆ ತಯಾರಕರು ಗಡಸುತನ ಇಟ್ಟಿರುತ್ತಾರೆ. ಕಾಯಿಸಿದರೆ ಆ ಹದ ಹೋಯಿತು. ಹೇಗೆ ಬಿಚ್ಚುತ್ತೋ, ಬಿಚ್ಚುತ್ತೋ ಇಲ್ಲವೋ, ಹೇಳಲು ಬರುವುದಿಲ್ಲ. ಗಾಯಗೊಂಡ ಜಿಂಕೆ ಓಡಿಹೋಗುತ್ತೆ, ನೀವು ಕತ್ತಲಾಗುವ ತನಕ ರಕ್ತದ ಜಾಡು ಹುಡುಕುತ್ತೀರಿ. ಪ್ಲಾಸ್ಟಿಕ್ ತುದಿ ಇದ್ದರಂತೂ ಮೊದಲು ಕರಗುವುದು ಅದೇ.

ಲೇತ್: ಒಂದೊಂದು ಬದಿಗೆ 38 ಮೈಕ್ರಾನ್ ತೆಗೆಯಬೇಕು, ಗುಂಡಿನ ನಡು ಗೆರೆ ಒಂಚೂರೂ ತಪ್ಪದಂತೆ, ನೂರು ಸಲ. ನಿಮ್ಮ ಸಂಬಳದಲ್ಲಿ ಗಂಟೆಗೆ ಎಷ್ಟು ಬೀಳುತ್ತೆ ನೋಡಿಕೊಳ್ಳಿ.

ಪ್ರಶ್ನೆ (ಅದೇ ಆಸ್ಟಿನ್‌ನವರು)

ಸರಿ ಸರ್, ಸೋತೆ. ಆದರೆ ಸೀಸ ಅಷ್ಟು ಸಾಧು ಅಂದಮೇಲೆ ತಾಮ್ರದ ಸಹವಾಸ ಯಾಕೆ?

ಉತ್ತರ

ಹದ್ದುಗಳಿಂದ. ಕ್ಯಾಲಿಫೋರ್ನಿಯಾ ಕಾಂಡರ್ ಅನ್ನುವ ದೊಡ್ಡ ರಣಹದ್ದು 1982ರಲ್ಲಿ ಬರೀ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಸಾಕಿ ಮರಿ ಮಾಡಿಸಿದರು. ಹೊರಗೆ ಬಿಟ್ಟರೆ ಮತ್ತೆ ಸೀಸದ ವಿಷ. ಸೀಸದ ಗುಂಡು ತಗುಲಿದಾಗ ಪುಡಿಯಾಗಿ ಮಾಂಸದೊಳಗೆ ಹರಡುತ್ತೆ, ಬೇಟೆಗಾರರು ಬಿಟ್ಟುಹೋದ ಕರುಳನ್ನು ಹದ್ದು ತಿನ್ನುತ್ತೆ. ಅವುಗಳ ಸೀಮೆಯಲ್ಲಿ 2008ರಿಂದ, ಇಡೀ ರಾಜ್ಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ನಿಂತಿತು. ತಿನ್ನುವುದು ಹದ್ದು ಮಾತ್ರ ಅಲ್ವಲ್ಲ. 2008ರಲ್ಲೇ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಹಂಚಬೇಡಿ ಅಂದರು.

ತಾಮ್ರಕ್ಕೆ ಬಂದವರು ಒಂದು ನೆನಪಿಡಿ. ಅದು ಹಗುರ: ಸೀಸದ ಸಾಂದ್ರತೆ 11.34, ತಾಮ್ರದ್ದು 8.96. ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತೆ, ತೋಟಾದೊಳಗೆ ಮದ್ದಿನ ಜಾಗ ತಿನ್ನುತ್ತೆ. ಸೀಸದ ಗುಂಡಿಗೆ ಬರೆದ ಮದ್ದಿನ ಲೆಕ್ಕ ಇದಕ್ಕೆ ಹಾಕಬೇಡಿ. ಆ ಗುಂಡಿನ ತಯಾರಕರೇ ಕೊಟ್ಟಿರುವ ಪಟ್ಟಿ ತೆಗೆದು, ಕೆಳಗಿನ ತುದಿಯಿಂದ ಶುರು ಮಾಡಿ. ಮನೆಯಲ್ಲಿ ಒತ್ತಿದ ಗುಂಡಿಗೆ ಅಂಥ ಪಟ್ಟಿಯೇ ಇಲ್ಲ. ನಾನು ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ, ಬಹುಶಃ ದೊಡ್ಡದು.

ಪ್ರಶ್ನೆ (ಸಿಯಾಟಲ್‌ನಿಂದ)

ನಾನು ಎಚ್-1ಬಿಯಲ್ಲಿದ್ದೇನೆ. ರೈಫಲ್ ಇಲ್ಲ, ಸುಮ್ನೆ ತುಂಬುವುದು ಕಲಿಯಲು ಸಾಮಾನು ತರಿಸಿಕೊಳ್ಳಬಹುದಾ?

ಉತ್ತರ

ನಿಲ್ಲಿ ನಿಲ್ಲಿ. ಇಂಥ ವೀಸಾದಲ್ಲಿ ಇರುವವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಇಲ್ಲಿನ ಕೇಂದ್ರದ ಕಾನೂನು. ಅದಕ್ಕೆ ಕೆಲವು ವಿನಾಯಿತಿ ಇವೆ, ಒಂದು ಇಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ತುಂಬಿದ ತೋಟಾ ಮಾತ್ರ ಅಲ್ಲ, ಬರೀ ಗುಂಡು, ಖಾಲಿ ಕೇಸ್, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು ಎಲ್ಲವೂ ಆ ಕಾನೂನಿನ ಲೆಕ್ಕದಲ್ಲಿ ಮದ್ದುಗುಂಡೇ. ಆರ್ಡರ್ ಮಾಡುವ ಮುಂಚೆ ನಿಮ್ಮ ಇಮಿಗ್ರೇಶನ್ ವಕೀಲರನ್ನು ಕೇಳಿ.

ಪ್ರಶ್ನೆ (ಮಡಿಕೇರಿಯಿಂದ)

ಅಣ್ಣಾ, ನಮ್ಮದು ಕೊಡವ ಮನೆ. ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಹಾಗಾದರೆ ತೋಟಾ ನಾವೇ ತುಂಬಿಕೊಳ್ಳಬಹುದಲ್ಲ?

ಉತ್ತರ

ಇಲ್ಲಪ್ಪಾ. ಆ ವಿನಾಯಿತಿ 2029ರ ತನಕ ಇದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿಗೆ ಬರುತ್ತೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಕತೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ, ಪುತ್ತರಿ ಹಬ್ಬಕ್ಕೆ ಕದಿರು ಕೊಯ್ಯುವಾಗ ಒಂದು ಈಡು ಹಾರಿಸಲು ಅಂಗಡಿಯ ತೋಟಾ ಸಾಕಲ್ಲ. ಬಿಲ್ ಇಟ್ಟುಕೊಳ್ಳಿ.

ಮೊದಲು ಕೇಳಿದವರು (ಸ್ಯಾಕ್ರಮೆಂಟೊ)

ಸರ್, ಅಜ್ಜನಿಗೆ ಎಲ್ಲ ಓದಿ ಹೇಳಿದೆ. ಪೀಣ್ಯ ಎಲ್ಲಿ ಬರುತ್ತೆ ಅಂತ ಕೇಳಿದರು. ರೇಂಜ್‌ನ ನೋಟಿಸ್ ಬೋರ್ಡಿಗೆ ಚೀಟಿ ಹಾಕಿದ್ದೆ, ಸಂಜೆಯೊಳಗೆ ಲೀ-ಎನ್‌ಫೀಲ್ಡ್ (ಅದೇ ಹಳೇ .303 ರೈಫಲ್) ಇರುವ ಒಬ್ಬರು ಎರಡೂ ಡಬ್ಬಿ ಬೇಕು ಅಂದಿದ್ದಾರೆ. ನಾನು ಕೊಟ್ಟ ಬೆಲೆಗಿಂತ ಹತ್ತು ಡಾಲರ್ ಜಾಸ್ತಿ.

ಉತ್ತರ

ತಗೊಳ್ಳಿ. ಕೊಡುವ ಮುಂಚೆ ಅವರ ನಳಿಗೆ ಅಳೆಸಲು ಹೇಳಿ. ಯುದ್ಧಕಾಲದ ಎನ್‌ಫೀಲ್ಡ್ ನಳಿಗೆಗಳು ಒಂದೊಂದು ಒಂದೊಂದು ಥರ ಇರುತ್ತವೆ.