ವಾಕಡ್ ಸೊಸೈಟಿಯ ಎಂಬಿಆರ್: ಹೈಪೊ ವಾಶ್ ಆದ ಎರಡೇ ದಿನಕ್ಕೆ ಟಿಎಂಪಿ ಮತ್ತೆ ಏರುತ್ತಿದೆ

ವಾಕಡ್_ಪ್ಲಾಂಟ್ (ಪ್ರಶ್ನೆ):
ಪುಣೆಯಲ್ಲಿರುವ ಕನ್ನಡದ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ಮಂದಿ ದಯವಿಟ್ಟು ನೋಡಿ. ನಮ್ಮದು ದಿನಕ್ಕೆ 1 ಲಕ್ಷ ಲೀಟರಿನ ಎಂಬಿಆರ್, ಅಂದರೆ ಬ್ಯಾಕ್ಟೀರಿಯಾ ಕೊಳೆ ತಿಂದ ನೀರನ್ನು ಪೊರೆಯ ಮೂಲಕ ಸೋಸುವ ಘಟಕ. ಪೊರೆ ಪಿವಿಡಿಎಫ್ ಪ್ಲಾಸ್ಟಿಕ್ಕಿನ ಹಾಲೋ ಫೈಬರ್ (ಟೊಳ್ಳು ಎಳೆಗಳು), ಒಟ್ಟು 300 ಚದರ ಮೀಟರ್, 4 ಘನ ಮೀಟರಿನ ಪ್ರತ್ಯೇಕ ಟ್ಯಾಂಕಿನಲ್ಲಿದೆ. ಪಂಪು ದಿನಕ್ಕೆ 20 ಗಂಟೆ ಓಡುತ್ತದೆ, ಪ್ರತಿ ಸಲ 9 ನಿಮಿಷ ಎಳೆದು 1 ನಿಮಿಷ ನಿಲ್ಲುತ್ತದೆ. ಜನವರಿಯಲ್ಲಿ 0.12 ಬಾರ್ ಇದ್ದ ಟಿಎಂಪಿ (ಪೊರೆಯ ಎರಡು ಬದಿಗಳ ಒತ್ತಡದ ವ್ಯತ್ಯಾಸ) ಏಪ್ರಿಲ್‌ನಿಂದ 0.35ಕ್ಕೆ ಬಂದಿದೆ. ವಾರಕ್ಕೊಮ್ಮೆ 500 ಪಿಪಿಎಂ ಹೈಪೊ (ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ) ಹಿಮ್ಮುಖವಾಗಿ ಬಿಡುತ್ತೇವೆ. 0.30ಕ್ಕೆ ಇಳಿದು ಎರಡು ದಿನದಲ್ಲಿ ಮತ್ತೆ ಮೊದಲಿನಂತೆ. ಎಂಎಲ್‌ಎಸ್‌ಎಸ್ (ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ತುಂಬಿದ ಕೆಸರು, ಅಂದರೆ ಸ್ಲಡ್ಜ್) ಲೀಟರಿಗೆ 11,500 ಮಿ.ಗ್ರಾಂ. ಹೊರಬರುವ ನೀರಿನ ಟರ್ಬಿಡಿಟಿ (ಕದಡಿನ ಅಳತೆ) 0.3 ಎನ್‌ಟಿಯು, ಬಿಒಡಿ (ಉಳಿದ ಸಾವಯವ ಕೊಳೆಯ ಅಳತೆ) 5ರೊಳಗೆ. ಇನ್‌ಲೆಟ್ ಸ್ಕ್ರೀನ್ 3 ಮಿ.ಮೀ. ಸರ್ವಿಸ್‌ನವರು ಇಡೀ ಸೆಟ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇಬೇಕೇ?

ಮುಳಾ_ತೀರ:
ಸರ್, ಈಗಲೇ ಬದಲಿಸಬೇಡಿ. ಟರ್ಬಿಡಿಟಿ 0.3 ಇದೆ ಅಂದರೆ ಎಳೆಗಳು ಹರಿದಿಲ್ಲ, ಕಟ್ಟಿಕೊಂಡಿವೆ ಅಷ್ಟೇ. ಬರೀ ಟಿಎಂಪಿ ನೋಡಿದರೆ ಸಾಲದು, ಫ್ಲಕ್ಸನ್ನು (ಪೊರೆಯ ಒಂದು ಚದರ ಮೀಟರಿನಿಂದ ಗಂಟೆಗೆ ಬರುವ ನೀರು) ಅದರಿಂದ ಭಾಗಿಸಿ, ಬರುವುದೇ ಪರ್ಮಿಯೆಬಿಲಿಟಿ. ಪಂಪು ಓಡುವಾಗ ನಿಮ್ಮ ಫ್ಲಕ್ಸ್ ಗಂಟೆಗೆ ಚದರ ಮೀಟರಿಗೆ ಸುಮಾರು 18.5 ಲೀಟರ್. ಜನವರಿಯಲ್ಲಿ ಪರ್ಮಿಯೆಬಿಲಿಟಿ 154 ಇತ್ತು, ಈಗ 53. ಬೇಸಿಗೆಯಲ್ಲಿ ನೀರು ತೆಳುವಾಗುತ್ತದೆ. 20ರಿಂದ 30 ಡಿಗ್ರಿಗೆ ಹೋದರೆ ಸ್ನಿಗ್ಧತೆ ಐದರಲ್ಲೊಂದು ಪಾಲು ಕಡಿಮೆ. ಹಾಗಾಗಿ ಟಿಎಂಪಿ ಇಳಿಯಬೇಕಾದ ಕಾಲದಲ್ಲಿ ಏರಿದೆ, ನಿಜವಾದ ಕಟ್ಟುವಿಕೆ ಅಂಕಿಯಲ್ಲಿ ಕಾಣುವುದಕ್ಕಿಂತಲೂ ಹೆಚ್ಚು.

ಹೊರಗೆ ಮೆತ್ತಿದೆಯೋ ರಂಧ್ರದೊಳಗೆ ಕೂತಿದೆಯೋ ತಿಳಿಯಲು, ಗಾಳಿ ಓಡುತ್ತಿರಲಿ, ಪಂಪನ್ನು 15 ನಿಮಿಷ ನಿಲ್ಲಿಸಿ. ಮತ್ತೆ ಶುರು ಮಾಡಿದಾಗ ಟಿಎಂಪಿ ಕೆಳಗಿನಿಂದ ಆರಂಭವಾಗಿ ನಿಧಾನಕ್ಕೆ ಏರಿದರೆ ಸ್ಲಡ್ಜ್ ಪದರ. ಮೊದಲ ನಿಮಿಷಕ್ಕೇ 0.3ಕ್ಕೆ ಹೋದರೆ ತೊಂದರೆ ಎಳೆಯ ಗೋಡೆಯಲ್ಲಿ. ಜೊತೆಗೆ ಒಂದು ಮಾಡ್ಯೂಲ್ (ಎಳೆಗಳ ಕಟ್ಟು) ಎತ್ತಿ ಬುಡ ನೋಡಿ. ಹಾಲೋ ಫೈಬರಿಗೆ 3 ಮಿ.ಮೀ ಸ್ಕ್ರೀನ್ ದೊಡ್ಡದಾಯಿತು, 1ರಿಂದ 2 ಮಿ.ಮೀ ಬೇಕು, ಅದೂ ರಂಧ್ರದ ತಗಡಿನದು. ಸೀಳುಗಳಿರುವ ಸ್ಕ್ರೀನಿನಲ್ಲಿ ಕೂದಲು ಉದ್ದಕ್ಕೆ ನುಸುಳಿ ಬಂದು ಎಳೆಗಳ ಬುಡದಲ್ಲಿ ಜಡೆಗಟ್ಟುತ್ತದೆ. ಅದಕ್ಕೆ ಯಾವ ಕೆಮಿಕಲ್ಲೂ ನಾಟುವುದಿಲ್ಲ, ಕೈಯಿಂದಲೇ ಬಿಡಿಸಬೇಕು.

ವಾಕಡ್_ಪ್ಲಾಂಟ್:
15 ನಿಮಿಷ ನಿಲ್ಲಿಸಿ ನೋಡಿದೆವು, ಶುರುವಿಗೇ 0.31. ಬುಡದಲ್ಲಿ ಕೂದಲು ಸ್ವಲ್ಪವಿದೆ, ಆದರೆ ಎಳೆಗಳ ಮೇಲೆ ಬೆಳ್ಳನೆಯ ಒರಟು ಪುಡಿ ಕೈಗೆ ಹತ್ತುತ್ತದೆ. ಮಾರ್ಚ್‌ನಿಂದ ಸೊಸೈಟಿಗೆ ಬೋರ್‌ವೆಲ್ ಟ್ಯಾಂಕರ್ ನೀರು ಬರುತ್ತಿದೆ. ಹೈಪೊ ಕಲಸುವುದೂ ಅದರಲ್ಲೇ.

ಆಸಿಡ್_ಮೊದಲು:
ಕಾರಣ ಅಲ್ಲೇ ಇದೆ. ಗಡಸು ನೀರಿಗೆ ಜೋರಾಗಿ ಗಾಳಿ ಹೊಡೆದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಕಾರ್ಬೋನೇಟ್ ಎಳೆಯ ಮೇಲೆ ಕೂರುತ್ತದೆ. ಹೈಪೊ ಕೂಡ ಕ್ಷಾರ. ಅದನ್ನು ಗಡಸು ನೀರಿನಲ್ಲಿ ಕಲಸಿ ಒಳಗಿನಿಂದ ತಳ್ಳಿದರೆ ರಂಧ್ರದೊಳಗೇ ಸುಣ್ಣ ಬೀಳುತ್ತದೆ. ವಾರವಾರದ ತೊಳೆತವೇ ರೋಗವನ್ನು ಹೆಚ್ಚಿಸುತ್ತಿದೆ ಸರ್. ಖಾತ್ರಿಗೆ ಆ ಪುಡಿಯ ಮೇಲೆ ನಾಲ್ಕು ಹನಿ ಆಸಿಡ್ ಹಾಕಿ, ನೊರೆಯುಕ್ಕಿದರೆ ಕಾರ್ಬೋನೇಟ್.

ಮೊದಲು ಟ್ಯಾಂಕ್ ಖಾಲಿ ಮಾಡಿ, ಪೈಪಿನ ಮೆಲುನೀರಿನಲ್ಲಿ ಎಳೆ ತೊಳೆದು, ಮೃದುಗೊಳಿಸಿದ ನೀರು ತುಂಬಿ. ಎಳೆಗಳು ಒಣಗಬಾರದು. 4,000 ಲೀಟರಿಗೆ 20 ಕಿಲೋ ಸಿಟ್ರಿಕ್ ಆಸಿಡ್, ಅಂದರೆ 0.5 ಶೇಕಡಾ. ಪಿಎಚ್ 2.5ರ ಆಸುಪಾಸಿರಲಿ, 2ಕ್ಕಿಂತ ಕೆಳಗೆ ಬೇಡ. 6 ಗಂಟೆ ನೆನೆಸಿ, ಗಂಟೆಗೊಮ್ಮೆ 2 ನಿಮಿಷ ಗಾಳಿ ಬಿಡಿ. ಸುಣ್ಣ ಕರಗಿದಂತೆ ಪಿಎಚ್ ಏರುತ್ತದೆ, 3 ದಾಟಿದರೆ ಇನ್ನಷ್ಟು ಆಸಿಡ್ ಸೇರಿಸಿ. ಏರುವುದು ನಿಂತರೆ ಕರಗುವುದೂ ಮುಗಿಯಿತು. ಆಮೇಲೆ ಪೂರ್ತಿ ಖಾಲಿ ಮಾಡಿ, ತೊಳೆದು, ತೊಳೆದ ನೀರಿನ ಪಿಎಚ್ 6 ದಾಟಿದ ಮೇಲೆಯೇ ಹೈಪೊ ಮುಟ್ಟಿ. ಆಸಿಡ್ ಉಳಿದಿರುವಾಗ ಹೈಪೊ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ನೆಲಮಾಳಿಗೆಯ ಪ್ಲಾಂಟಿನಲ್ಲಿ ಅದು ಪ್ರಾಣಾಂತಿಕ. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಇಬ್ಬರು ಜೊತೆಗಿರಲಿ, ಎರಡಕ್ಕೂ ಬೇರೆ ಬೇರೆ ಡ್ರಮ್ಮು ಮತ್ತು ಡೋಸಿಂಗ್ ಪೈಪು ಇಡಿ.

ಹೈಪೊ 1,000 ಪಿಪಿಎಂ, ರಾತ್ರಿಯಿಡೀ ನೆನೆಯಲಿ. 10 ಶೇಕಡಾ ಹೈಪೊ ಆದರೆ 40 ಲೀಟರ್. ಆದರೆ ಏಪ್ರಿಲ್ ಬಿಸಿಲಿನಲ್ಲಿಟ್ಟ ಕ್ಯಾನಿನ ಶಕ್ತಿ 6ಕ್ಕೆ ಇಳಿದಿದ್ದರೆ 67 ಲೀಟರ್ ಬೇಕು, ಹಾಗಾಗಿ ಟೈಟ್ರೇಟ್ ಮಾಡಿಯೇ (ರಾಸಾಯನಿಕ ಪರೀಕ್ಷೆಯಿಂದ ಶಕ್ತಿ ತಿಳಿದುಕೊಂಡೇ) ಅಳೆಯಿರಿ.

ಹಳೆ ಆಸಿಡನ್ನು ಸೋಡಾ ಆಶ್ ಹಾಕಿ ಪಿಎಚ್ 7ಕ್ಕೆ ತಂದು ಈಕ್ವಲೈಸೇಶನ್ ಟ್ಯಾಂಕಿಗೆ (ಒಳಬರುವ ಕೊಳಚೆ ಮೊದಲು ಸೇರುವ ಟ್ಯಾಂಕ್) ಒಂದು ದಿನದುದ್ದಕ್ಕೂ ಸ್ವಲ್ಪ ಸ್ವಲ್ಪ ಬಿಡಿ. 20 ಕಿಲೋ ಸಿಟ್ರಿಕ್‌ನಲ್ಲಿ 15 ಕಿಲೋ ಸಿಒಡಿ (ಅದನ್ನು ಪೂರ್ತಿ ಒಡೆಯಲು ಬೇಕಾದ ಆಮ್ಲಜನಕ) ಇರುತ್ತದೆ, ಒಮ್ಮೆಲೇ ಸುರಿದರೆ ಆಮ್ಲಜನಕ ಕುಸಿಯುತ್ತದೆ. ಹೈಪೊ ನೀರಿನ ಉಳಿಕೆ ಕ್ಲೋರಿನನ್ನು ಥಯೋಸಲ್ಫೇಟಿನಿಂದ ತೆಗೆದೇ ಬಿಡಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಸೊಲ್ಲಾಪುರ_ರೋಡ್:
ಸ್ಲಡ್ಜೂ ಒಮ್ಮೆ ನೋಡ್ರಿ. 50 ಮಿ.ಲೀ ಸ್ಲಡ್ಜ್ ಮಡಿಚಿದ ಫಿಲ್ಟರ್ ಪೇಪರಿಗೆ ಹಾಕಿ 5 ನಿಮಿಷ ಬಿಡ್ರಿ. 10 ಮಿ.ಲೀ ದಾಟಿ ಇಳಿದ್ರ ಛಲೋ, 5ರ ಒಳಗ ನಿಂತ್ರ ಅಂಟು ಹೆಚ್ಚಾಗೇದ. ಹಂಗಿದ್ರ ಎಷ್ಟು ತೊಳದ್ರೂ ಮತ್ತ ಮೆತ್ತತದ. ಏರೇಶನ್ ಟ್ಯಾಂಕ್ 35 ಘನ ಮೀಟರ್ ಇದ್ರ ದಿನಾ 1.75 ಘನ ಮೀಟರ್ ಸ್ಲಡ್ಜ್ ತೆಗೀರಿ, ಸ್ಲಡ್ಜ್ ವಯಸ್ಸು 20 ದಿನಕ್ಕ ನಿಲ್ತದ. ಎಂಎಲ್‌ಎಸ್‌ಎಸ್ 9,000ದ ಹತ್ರ ಬರಲಿ. ಸ್ಕೌರ್ ಗಾಳಿ (ಎಳಿ ತಿಕ್ಕಿ ತೊಳಿಯೋ ಗಾಳಿ) ತಾಸಿಗೆ 90 ಘನ ಮೀಟರ್ ಬೇಕು. ಒಂದು ಕಡೆ ಗುಳ್ಳೆ ಕಡಿಮಿ ಕಂಡ್ರ ಅಲ್ಲಿನ ಡಿಫ್ಯೂಸರ್ (ಗುಳ್ಳೆ ಬಿಡೋ ತೂತಿನ ಕೊಳವಿ) ಕಟ್ಟೇದ.

ಮುಳಾ_ತೀರ:
ಎರಡೂ ವಾಶ್ ಆದ ಮೇಲೆ ಅದೇ ಫ್ಲಕ್ಸಿಗೆ ಪರ್ಮಿಯೆಬಿಲಿಟಿ 110 ದಾಟಿದರೆ ಸೆಟ್ ಮುಂದುವರಿಸಿ. 80ರ ಕೆಳಗೇ ಉಳಿದರೆ ಒಂದೇ ಒಂದು ಮಾಡ್ಯೂಲ್ ಹೊಸದು ಹಾಕಿ ಅದರ ಜೊತೆ ಹೋಲಿಸಿ, ಆಮೇಲೆ ಉಳಿದವುಗಳ ಆರ್ಡರ್ ಯೋಚಿಸಿ. ಟ್ಯಾಂಕರ್ ನಿಲ್ಲುವ ತನಕ ತಿಂಗಳಿಗೊಮ್ಮೆ ಸಿಟ್ರಿಕ್, ಹೈಪೊ ಕಲಸಲು ಸಾಫ್ಟನರ್ ನೀರು.