ಜಾಕ್ 2 ಚೆನ್ನಾಗಿದ್ಯಾ, ಇಲ್ಲ ಸುಮ್ನೆ ಹೊಗಳ್ತೀವಾ?

ಹಳೇ_ಕಂಟ್ರೋಲರ್:
ಜಾಕ್ 2 ಗೇಮ್ ಮತ್ತೆ ಪೂರ್ತಿ ಆಡಿ ಮುಗಿಸ್ದೆ, ಅದಕ್ಕೇ ಈ ಪೋಸ್ಟ್. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ನಾಟಿ ಡಾಗ್ ಅನ್ನೋ ಗೇಮ್ ಕಂಪ್ನಿಯವ್ರು 2001ರಲ್ಲಿ ಪ್ಲೇಸ್ಟೇಷನ್ 2ಗೆ ಜಾಕ್ ಅಂಡ್ ಡ್ಯಾಕ್ಸ್ಟರ್ ತಂದ್ರು, ಹಸಿರು ಊರು, ಸಮುದ್ರ, ನೆಗೆಯೋದು, ಪವರ್ ಸೆಲ್ ಹುಡ್ಕೋದು, ಹೀರೋ ಜಾಕ್ ಬಾಯೇ ಬಿಡಲ್ಲ. 2003ರಲ್ಲಿ ಸೀಕ್ವೆಲ್ ಬಂತು ನೋಡಿ, ಹೀರೋನ ಜೈಲಿಗೆ ಹಾಕಿ ಎರಡು ವರ್ಷ ಡಾರ್ಕ್ ಇಕೋ (ಇಕೋ ಅಂದ್ರೆ ಆ ಲೋಕದ ಶಕ್ತಿ, ಇದು ಅದರ ಅಪಾಯದ ಥರದ್ದು) ಪ್ರಯೋಗ ಮಾಡಿ, ಅವನು ಬಾಯಿ ಬಿಟ್ಟು ಆಡೋ ಮೊದಲ್ನೇ ಮಾತೇ ಊರನ್ನ ಆಳೋ ಬ್ಯಾರನ್ ಪ್ರಾಕ್ಸಿಸ್‌ನ ಕೊಲ್ತೀನಿ ಅಂತ! ನನ್ ಪ್ರಕಾರ ಈ ಗೇಮಲ್ಲಿ ನೆಗೆತ ಮತ್ತೆ ಗನ್ನು ಸೇರ್ಕೊಂಡಿರೋ ರೀತಿಗೆ ಇವತ್ತಿಗೂ ಸಾಟಿ ಕಮ್ಮಿ. ಆದ್ರೆ ಗೇಮ್ ನಡೆಯೋ ಊರು ಹೇವನ್ ಸಿಟಿ ಇದ್ಯಲ್ಲ, ಅದೇ ಗೇಮಿನ ಉಸಿರು ಕಟ್ಟಿಸೋದು. ಜನ ಕಷ್ಟ ಕಷ್ಟ ಅಂತಾರೆ, ಸಮಸ್ಯೆ ಕಷ್ಟದ್ದಲ್ಲ, ಓಡಾಟದ್ದು.

ಪವರ್‌ಸೆಲ್_ಪಮ್ಮಿ:
ಓಡಾಟ ಬಿಡಿ, ಅದು ಆಮೇಲಿನ ಮಾತು. ಮೊದಲ್ನೇ ಗೇಮಲ್ಲಿ ಇಕೋ ಅಂದ್ರೆ ಏನಿತ್ತು ನೆನಪಿದ್ಯಾ? ನೀಲಿ ಇಕೋ ಮೈಗೆ ತಗುಲಿದ್ರೆ ಸ್ಪೀಡು ಬರೋದು, ಸುತ್ತ ಇರೋ ಆರ್ಬ್ (ಕೂಡಿಸ್ಕೊಳೋ ಮೊಟ್ಟೆಯಂಥವು) ಎಲ್ಲಾ ತಾನಾಗೇ ಬಂದು ಅಂಟ್ಕೊಳೋದು, ನಿಂತೋಗಿರೋ, ಪ್ರಿಕರ್ಸರ್ ಅನ್ನೋ ಹಳೇ ಜನಾಂಗದ ಮಿಷಿನ್ನು ಬಾಗಿಲು ಎಲ್ಲಾ ಜೀವ ಬಂದು ಓಡೋದು, ಅದು ಮುಗಿಯೋದ್ರೊಳಗೆ ಮುಂದಿನ ಜಾಗ ಮುಟ್ಬೇಕು ಅಂತ ಒಂದು ಧಾವಂತ ಇರೋದು. ಅದೇ ಇಕೋ ಎರಡ್ನೇ ಗೇಮಲ್ಲಿ ಏನಾಯ್ತು? ಬುಲೆಟ್ಟು. ಕೆಂಪು ಒಂದು ಗನ್ನಿಗೆ, ಹಳದಿ ಒಂದಕ್ಕೆ, ನೀಲಿ ಇನ್ನೊಂದಕ್ಕೆ, ಮುಗೀತು ಕತೆ. ಒಂದು ಇಡೀ ಲೋಕದ ಐಡಿಯಾನ ತಗೊಂಡೋಗಿ ಆಮೋ ಡಬ್ಬಕ್ಕೆ ತುಂಬಿದ್ರು. ಆರ್ಬ್ ಕೂಡ ಅಷ್ಟೇ, ಮೊದ್ಲು ಎರಡು ಸಾವಿರ ಇತ್ತು, ಅದನ್ನ ಕೊಟ್ಟು ಪವರ್ ಸೆಲ್ ತಗೋತಿದ್ವಿ, ಇಲ್ಲಿ 286 ಇದೆ, ಕೂಡಿಸಿದ್ರೆ ದೊಡ್ಡ ತಲೆ ಮೋಡು ಇತ್ಯಾದಿ. ಮೂಲೆ ಮೂಲೆ ಹುಡುಕೋ ಆಸೇನೇ ಹುಟ್ಟಲ್ಲ.

ಸ್ಪಿನ್‌ಕಿಕ್:
ಪಮ್ಮಿ ಅಕ್ಕ, ಬುಲೆಟ್ಟಾಯ್ತು ನಿಜ, ಆದ್ರೆ ಆ ಬುಲೆಟ್ಟನ್ನ ಹೆಂಗೆ ಬಳಸ್ತೀವಿ ಅದನ್ನೂ ನೋಡಿ. ಹಳದಿ ಬ್ಲಾಸ್ಟರ್ ಕೈಲಿಟ್ಕೊಂಡು ನೆಗೆದು, ಗಾಳಿಲಿರೋವಾಗ್ಲೇ ತಿರುಗಿ ಒದೆಯೋ ಬಟನ್ ಒತ್ತಿ, ತಕ್ಷಣ ಆರ್1 ಬಡೀತಾ ಇದ್ರೆ ಜಾಕ್ ಬುಗುರಿ ಥರ ಸುತ್ತುತ್ತಾ ಸುತ್ತ ಇರೋ ಮೆಟಲ್ ಹೆಡ್ ರಾಕ್ಷಸರಿಗೆಲ್ಲಾ ಗುಂಡು ಚೆಲ್ತಾನೆ. ಇದನ್ನ ಗೇಮು ಎಲ್ಲೂ ಕೂರಿಸ್ಕೊಂಡು ಪಾಠ ಮಾಡಲ್ಲ, ಕೈಗೆ ಸಿಕ್ತು ಅಂದ್ರೆ ಸಿಕ್ತು. ಸ್ಕ್ಯಾಟರ್ ಗನ್ ಹಿಡ್ದು ಗುಂಪಿನ ಮಧ್ಯೆ ನುಗ್ಗಿ, ಮಿಕ್ಕಿದ್ದನ್ನ ಗುದ್ದಿ, ಉರುಳಿ, ಉರುಳಿದ ವೇಗದಲ್ಲೇ ಉದ್ದಕ್ಕೆ ನೆಗೆದು, ಕೆಳಗೆ ಇಳಿಯೋದ್ರೊಳಗೆ ಬೇರೆ ಗನ್ನಿಗೆ ಬದಲಾಯಿಸ್ಕೊಂಡು... ಮೊದಲ್ನೇ ಗೇಮಿನ ಅದೇ ನೆಗೆತ, ಅದೇ ಉರುಳಾಟ, ಒಂದೂ ಬಿಟ್ಟಿಲ್ಲ, ಅದರ ಮೇಲೆ ಗನ್ ಕೂರ್ಸಿದಾರೆ. ತುಂಬಾ ಸೀಕ್ವೆಲ್‌ಗಳು ಹೊಸದು ತುರುಕೋಕೆ ಹೋಗಿ ಹಳೇದನ್ನ ಕಿತ್ತಾಕ್ತವೆ, ಇವ್ರು ಹಂಗೆ ಮಾಡ್ಲಿಲ್ಲ.

ಪವರ್‌ಸೆಲ್_ಪಮ್ಮಿ:
ಗುರಿ ಇಡೋಕೆ ಆಗುತ್ತಾ ಅದ್ರಲ್ಲಿ? ಮುಖ ಯಾವ ಕಡೆ ಇದ್ಯೋ ಆ ಕಡೆ ಹೊಡೀತಾನೆ. ಮೇಲ್ಗಡೆ ಗೋಡೆ ಮೇಲೆ ನಿಂತು ಗುಂಡು ಹಾರಿಸ್ತಿರೋನಿಗೆ ಹೊಡೀಬೇಕಂದ್ರೆ ಆಟೋ ಏಮ್ ದಯೆ ತೋರಿಸ್ಬೇಕು.

ಸ್ಪಿನ್‌ಕಿಕ್:
ಅದೊಂದು ಒಪ್ತೀನಿ. ಡಾರ್ಕ್ ಜಾಕ್ (ಡಾರ್ಕ್ ಇಕೋ ತುಂಬಿದಾಗ ಅವನು ತಾಳೋ ರಾಕ್ಷಸ ರೂಪ) ಕೂಡ ಅರ್ಧಂಬರ್ಧ, ಮೀಟರ್ ಪೂರ್ತಿ ತುಂಬೋವರ್ಗೂ ಉಪಯೋಗಕ್ಕೆ ಬರಲ್ಲ, ತುಂಬೋ ಹೊತ್ಗೆ ಎದುರಿಗೆ ಯಾರೂ ಇರಲ್ಲ.

ಕೊನೇ_ಲೈಫು:
ಹಳೇ ಕಂಟ್ರೋಲರ್ ಅವ್ರೇ, ಕಷ್ಟ ಸಮಸ್ಯೆನೇ ಅಲ್ಲ ಅಂದ್ಬಿಟ್ರಲ್ಲ, ಅದಕ್ಕೆ ನನ್ ಪೂರ್ತಿ ವಿರೋಧ ಇದೆ. ವಾಟರ್ ಸ್ಲಮ್ಸ್ ಮಿಷನ್ ಮರ್ತೋಯ್ತಾ? ಊರು ಕಟ್ಟಿದ ಮಾರ್‌ನ ಸೀಲಿನ ತುಂಡು ಕೈಗೆ ಸಿಗುತ್ತೆ, ಸಿಕ್ಕಿದ ಕೂಡ್ಲೇ ಬ್ಯಾರನ್‌ನ ಸೈನಿಕರು, ಕ್ರಿಮ್ಸನ್ ಗಾರ್ಡ್‌ಗಳು ಬಂದು ಇಳೀತಾರೆ, ಇಕ್ಕಟ್ಟು ಹಲಗೆ ದಾರಿ, ಹಿಂದೆ ಮುಂದೆ ಮೇಲೆ ಎಲ್ಲಾ ಕಡೆಯಿಂದ ಗುಂಡು, ಒಬ್ಬನನ್ನ ಬೀಳಿಸಿದ್ರೆ ಇನ್ನಿಬ್ರು. ಬಾಗಿಲು ಕಣ್ಣಿಗೆ ಕಾಣ್ತಿರೋ ಜಾಗದಲ್ಲಿ ಸತ್ರೂ ಮತ್ತೆ ಮೊದಲಿಂದ. ನಡುವೆ ಒಂದು ಚೆಕ್‌ಪಾಯಿಂಟ್ ಇಟ್ಟಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು? ಕಷ್ಟ ಇರ್ಲಿ, ಕಷ್ಟ ನಂಗೂ ಇಷ್ಟ, ಆದ್ರೆ ನಾನು ಆಗ್ಲೇ ಗೆದ್ದಿರೋ ಭಾಗನ ಮತ್ತೆ ಮತ್ತೆ ಆಡ್ಸೋದು ಕಷ್ಟ ಅಲ್ಲ, ಅದು ಶಿಕ್ಷೆ.

ಹಳೇ_ಕಂಟ್ರೋಲರ್:
ಅದು ಒಂದು ಮಿಷನ್ನು ಗುರು. ಅಂಥವು ಇನ್ನೂ ಮೂರ್ನಾಲ್ಕು ಇರ್ಬೋದು, ಗಾರ್ಡ್‌ಗಳ ಕಮಾಂಡರ್ ಎರೋಲ್ ಜೊತೆ ರೇಸ್ ಸೇರ್ಸಿ. ಸಿಟಿ ಓಡಾಟ ಹಂಗಲ್ಲ, ಅದು ಪ್ರತಿ ಮಿಷನ್ನಿಗೂ ಮುಂಚೆ ಕಟ್ಟಬೇಕಾಗಿರೋ ಟ್ಯಾಕ್ಸು. ಸ್ಲಮ್‌ನಲ್ಲಿ ಬಂಡುಕೋರರ ಟಾರ್ನ್ ಕೆಲಸ ಕೊಡ್ತಾನೆ, ಅದನ್ನ ಮುಗಿಸ್ಕೊಂಡು ಬಂದ್ರೆ ಬಂದರಿನ ಹತ್ರ ಗ್ಯಾಂಗ್‌ಸ್ಟರ್ ಕ್ರೂ ಕರೀತಾನೆ, ಅಲ್ಲಿಂದ ಸ್ಟೇಡಿಯಮ್ಮು. ಝೂಮರ್ (ತೇಲೋ ಗಾಡಿ) ಕದ್ದು ಹತ್ತಿದ್ರೆ ಎರಡೇ ಎತ್ತರ, ಕೆಳಗಡೆ ಹೋದ್ರೆ ಜನ ಅಡ್ಡ ಬರ್ತಾರೆ, ಮೇಲೆ ಹೋದ್ರೆ ಟ್ರಾಫಿಕ್ಕು. ಒಬ್ಬ ಗಾರ್ಡಿಗೆ ಸ್ವಲ್ಪ ತಗುಲ್ತೋ ಸೈರನ್ ಶುರು, ಗಾಡಿ ಹೊಗೆ ಹಾಕೋಕೆ ಶುರು, ಇನ್ನೆರಡು ಸಲ ಡಿಕ್ಕಿ ಹೊಡೆದ್ರೆ ಢಮಾರ್, ಇಳಿದು ಇನ್ನೊಂದು ಹುಡುಕು. ಊರೆಲ್ಲಾ ಕಾರಲ್ಲಿ ಸುತ್ತೋ ಜಿಟಿಎ 3 ಗೇಮು ಆಗ ಎಲ್ರ ತಲೇಲೂ ಕೂತಿತ್ತು ಸರಿ, ಆದ್ರೆ ಅಲ್ಲಿ ಕಾರಲ್ಲಿ ಕೂತ್ರೆ ರೇಡಿಯೋ ಆದ್ರೂ ಇತ್ತು. ಇಲ್ಲಿ ಬೂದು ಗೋಡೆ, ಪೈಪು, ಮತ್ತೆ ಬೂದು ಗೋಡೆ.

ನೋ_ಲೋಡಿಂಗ್:
ಇಲ್ಲಿ ಟೆಕ್ನಿಕಲ್ ಸಂಗತಿ ಒಂದು ಬಿಟ್ಟೋಗ್ತಿದೆ. ಪಿಎಸ್2ಗೆ ಇದ್ದಿದ್ದು 32 ಎಂಬಿ ಮೇನ್ ಮೆಮೊರಿ, ಅದ್ರಲ್ಲಿ ಲೋಡಿಂಗ್ ಸ್ಕ್ರೀನೇ ಇಲ್ದೆ ಇಡೀ ಊರು ಓಡ್ಸಿದಾರೆ. ಅದಕ್ಕೆ ನಾಟಿ ಡಾಗ್‌ನ ಆಂಡಿ ಗ್ಯಾವಿನ್ ಲಿಸ್ಪ್ ಅನ್ನೋ ಹಳೇ ಭಾಷೆ ಮೇಲೆ ಗೋಲ್ ಅಂತ ಪ್ರೋಗ್ರಾಮಿಂಗ್ ಲ್ಯಾಂಗ್ವೇಜೇ ಮಾಡಿದ್ರು. ನೀವು ಒಂದು ಏರಿಯಾಲಿ ಹೋಗ್ತಿರೋವಾಗ್ಲೇ ಮುಂದಿನದು ಡಿಸ್ಕಿಂದ ಬರ್ತಿರುತ್ತೆ. ಬೀದಿ ಯಾಕೆ ಇಷ್ಟು ಕಿರಿದು, ಯಾಕೆ ಇಷ್ಟು ತಿರುವು, ಊರಾಚೆ ಹೋಗೋಕೆ ಯಾಕೆ ಎರಡೆರಡು ಬಾಗಿಲಿನ ಏರ್‌ಲಾಕ್ ಅಂತ ಯೋಚಿಸಿ. ದೂರದ್ದು ಕಣ್ಣಿಗೆ ಬೀಳ್ಬಾರ್ದು, ಬರೋವರ್ಗೂ ನಿಮ್ಮನ್ನ ಏನಾದ್ರೂ ನೆಪ ಹೇಳಿ ನಿಲ್ಲಿಸ್ಬೇಕು. ಅಗಲ ರಸ್ತೆ, ನೇರ ದಾರಿ ಕೊಟ್ಟು, ನೀವು ಝೂಮರಲ್ಲಿ ಅದೇ ವೇಗಕ್ಕೆ ಹೋಗಿದ್ರೆ ಡಿಸ್ಕ್ ಕೈ ಎತ್ತಿರೋದು.

ಹಳೇ_ಕಂಟ್ರೋಲರ್:
ಅಂದ್ರೆ ಲೋಡಿಂಗ್ ಸ್ಕ್ರೀನ್ ತೆಗೆದು ಆ ಕಾಯೋದನ್ನೇ ನಮ್ ಕೈಲಿ ಓಡಿಸಿದ್ರು ಅಂತಾಯ್ತು 😄 ಇಂಜಿನಿಯರಿಂಗಿಗೆ ಕೈ ಮುಗೀತೀನಿ, ಆಡೋನಿಗೆ ಏನು ಸಿಕ್ತು?

ಬಾಲ_ಇರೋ_ಡ್ಯಾಕ್ಸ್ಟರ್:
ಸಿಕ್ಕಿದ್ದು ಕತೆ ಸ್ವಾಮಿ! ಆ ಊರು ಉಸಿರು ಕಟ್ಟಿಸ್ಬೇಕು, ಅದಕ್ಕೇ ಹಂಗಿರೋದು. ಎಲ್ಲೋದ್ರೂ ಬ್ಯಾರನ್ ಧ್ವನಿ, ಎಲ್ಲೋದ್ರೂ ಗಾರ್ಡು, ಅದರ ಮಧ್ಯೆ ಊರಾಚೆ ಕಾಡಿಗೋ ಮೌಂಟನ್ ಟೆಂಪಲ್ಲಿಗೋ ಹೋದಾಗ ಹಸಿರು ಕಂಡ್ರೆ ಎದೆ ಹಗುರ ಆಗುತ್ತಲ್ಲ. (ಮುಂದೆ ಸ್ಪಾಯ್ಲರ್, ಆಡದೇ ಇರೋರು ಈ ಕಾಮೆಂಟ್ ಬಿಟ್ಟು ಮುಂದಕ್ಕೆ ಹೋಗಿ.) ಡೆಡ್ ಟೌನ್‌ನಲ್ಲಿ ಜಾಕ್‌ನ ಗುರು ಸೇಮೋಸ್ ಗುಡಿಸಲು ಪಾಳು ಬಿದ್ದಿರೋದು ಸಿಗುತ್ತೆ, ಅಲ್ಲಿಗೆ ಗೊತ್ತಾಗುತ್ತೆ, ಈ ದರಿದ್ರ ಊರೇ ಮೊದಲ್ನೇ ಗೇಮಿನ ನಮ್ ಹಳ್ಳಿ, ನಾವು ಬಂದಿರೋದು ಬೇರೆ ಲೋಕಕ್ಕಲ್ಲ, ಮುಂದಿನ ಕಾಲಕ್ಕೆ ಅಂತ. ಪಮ್ಮಿ ಅವ್ರು ಬಣ್ಣ ಹೋಯ್ತು ಅಂತ ಬೇಜಾರಾಗ್ತಿದಾರಲ್ಲ, ಗೇಮಿಗೂ ಬೇಕಾಗಿದ್ದು ಅದೇ ಬೇಜಾರು. ಕ್ಲ್ಯಾನ್ಸಿ ಬ್ರೌನ್ ಕೊಟ್ಟಿರೋ ಬ್ಯಾರನ್ ಧ್ವನಿ, ಜಾಕ್ ಗೆಳೆಯ ಡ್ಯಾಕ್ಸ್ಟರ್‌ಗೆ ಮ್ಯಾಕ್ಸ್ ಕಸೆಲ್ಲಾ ಧ್ವನಿ, ಇವೆರಡಕ್ಕೇ ಅರ್ಧ ದುಡ್ಡು ವಸೂಲ್.

ಪವರ್‌ಸೆಲ್_ಪಮ್ಮಿ:
ಆ ಪಾಳು ಗುಡಿಸಲು ನೋಡಿ ನಂಗೂ ಹೊಟ್ಟೇಲಿ ಏನೋ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಅದು ಒಂದು ಸೀನು. ಅದಕ್ಕೋಸ್ಕರ ಇಡೀ ಗೇಮು ಮುಖ ಗಂಟಿಕ್ಕೊಂಡು ಇರ್ಬೇಕಾ? ಜಾಕ್ ಮಾತಾಡಿದ್ರೆ ಬರೀ ಸಿಟ್ಟು, ಹೆಣ್ಣು ಪಾತ್ರಗಳಿಗೆ ಹಾಕಿರೋ ಬಟ್ಟೆ ನೋಡಿದ್ರೆ ಯಾವ ವಯಸ್ಸಿನ ಹುಡುಗರನ್ನ ಮನಸ್ಸಲ್ಲಿಟ್ಕೊಂಡು ಮಾಡಿದಾರೆ ಅಂತ ಗೊತ್ತಾಗುತ್ತೆ, ಬ್ಯಾರನ್ ಮಗಳು ಆಶೆಲಿನ್ ಅಂಥ ಗಟ್ಟಿ ಪಾತ್ರಕ್ಕೂ ಬಿಟ್ಟಿಲ್ಲ. ಆ ಕಾಲದ ಗೇಮುಗಳಿಗೆಲ್ಲಾ ದೊಡ್ಡೋರಾಗೋ ಆತುರ.

ಸ್ಪಿನ್‌ಕಿಕ್:
ಇದಕ್ಕೆ ನನ್ ಹತ್ರ ಉತ್ತರ ಇಲ್ಲ, ಸರಿಯಾಗೇ ಹೇಳಿದ್ರಿ. ಆದ್ರೆ ಪ್ಲಾಟ್‌ಫಾರ್ಮಿಂಗ್ ಹೋಯ್ತು ಅಂತ ಮಾತ್ರ ಯಾರೂ ಹೇಳ್ಬೇಡಿ. ಟಾರ್ನ್ ಕೊಡೋ ಮೊದಲ್ನೇ ಕೆಲಸಾನೇ ಬಾವುಟ ತರೋದು, ಪಾಳು ಗೋಪುರ ಹತ್ತಿ ಬಾವುಟ ಕಿತ್ತ ತಕ್ಷಣ ಕಾಲ ಕೆಳಗಿಂದ ಒಂದೊಂದಾಗಿ ಎಲ್ಲಾ ಕುಸಿಯೋಕೆ ಶುರುವಾಗುತ್ತೆ. ಮಾರ್ ಸಮಾಧಿಲಿ ದೈತ್ಯ ಜೇಡ ಅಟ್ಟಿಸ್ಕೊಂಡು ಬರೋದು ಕ್ರ್ಯಾಶ್ ಬ್ಯಾಂಡಿಕೂಟ್ ಬಂಡೆ ನೆನಪು ಮಾಡುತ್ತೆ, ಅದೂ ಇವ್ರದ್ದೇ ಗೇಮಲ್ವಾ.

ಹೊಸಬ_22:
ನಾನು ಈಗ ಆಡ್ತಿದೀನಿ, ಸ್ಪಾಯ್ಲರ್ ಓದಿಲ್ಲ. ಕೊನೇ ಲೈಫು ಅವ್ರು ಹೇಳಿದ ವಾಟರ್ ಸ್ಲಮ್ಸ್‌ನಲ್ಲೇ ಸಿಕ್ಕಾಕೊಂಡಿದೀನಿ 😭 ಮೊದಲ್ನೇ ಭಾಗ ಆಡಿಲ್ಲ, ಬಿಟ್ಟು ಅದಕ್ಕೆ ಹೋಗ್ಲಾ?

ನೋ_ಲೋಡಿಂಗ್:
ಎರಡೂ ಪಿಸಿಲಿ ಆಡ್ಬೋದು, ಓಪನ್‌ಗೋಲ್ ಅಂತ ಅಭಿಮಾನಿಗಳೇ ಹಳೇ ಕೋಡ್ ಬಿಚ್ಚಿ ಪೋರ್ಟ್ ಮಾಡಿದಾರೆ, ಗೇಮಿನ ಡಿಸ್ಕ್ ನಿಮ್ದೇ ಇರ್ಬೇಕು. ಮೊದಲ್ನೇದು ಮೊದ್ಲು ಆಡಿ, ಎರಡ್ನೇದರ ಏಟು ಜೋರಾಗಿ ಬೀಳುತ್ತೆ.

ಪವರ್‌ಸೆಲ್_ಪಮ್ಮಿ:
ಆಡಿ, ವಾಪಸ್ ಬರೋಕೆ ಮನಸ್ಸಾಗಲ್ಲ 😌

ಕೊನೇ_ಲೈಫು:
ಹೊಸಬ, ಅಲ್ಲಿ ನಿಂತು ಕಾದಾಡ್ಬೇಡ. ಎಲ್ರನ್ನೂ ಮುಗಿಸ್ತೀನಿ ಅಂತ ಹೋದ್ರೆ ಮುಗಿಯಲ್ಲ, ಬರ್ತಾನೇ ಇರ್ತಾರೆ. ದಾರಿಗೆ ಅಡ್ಡ ಇರೋನಿಗೆ ಮಾತ್ರ ಹೊಡಿ, ಮಿಕ್ಕಿದ್ದೆಲ್ಲಾ ಉರುಳ್ಕೊಂಡು ನೆಗೆದ್ಕೊಂಡು ಬಾಗಿಲ ಕಡೆ ಓಡು. ಇಕ್ಕಟ್ಟಾದ್ರೆ ಸ್ಪಿನ್‌ಕಿಕ್ ಮೇಲೆ ಹೇಳಿದ ಬ್ಲಾಸ್ಟರ್ ಟ್ರಿಕ್ಕು. ಡಾರ್ಕ್ ಮೀಟರ್ ತುಂಬಿಸ್ಕೊಂಡು ಮಿಷನ್ ಶುರು ಮಾಡಿದ್ರೆ ಇನ್ನೂ ವಾಸಿ. ಮತ್ತೆ ಸತ್ರೆ ಕಂಟ್ರೋಲರ್ ಬಿಸಾಕ್ಬೇಡ, ಇಲ್ಲಿ ಬಂದು ಬೈಯಿ, ನಾನೂ ಜೊತೆಗೆ ಬೈತೀನಿ.