ಒಂದು ಸ್ಟಾರ್ ಕೊಟ್ಟವರನ್ನು ನಂಬಬೇಕಾ, ಐದು ಕೊಟ್ಟವರನ್ನಾ?

ಹಳೇ ಲ್ಯಾಪ್‌ಟಾಪ್ (ಕೇಳಿದವರು):

ತಂಗಿಯ ಲ್ಯಾಪ್‌ಟಾಪ್ 2019ರದ್ದು. ಎಂಟನೇ ಜನರೇಷನ್ ಐ5, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು ಬಂದರೂ ಇನ್ನೂ ಚಕ್ರ ಸುತ್ತುತ್ತಲೇ ಇರುತ್ತದೆ. 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡ್ರೈವ್), 8 ಜಿಬಿ ರ‍್ಯಾಮ್ ಹಾಕೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ರಿವ್ಯೂ ಓದಿ ತಲೆ ಕೆಟ್ಟು ಹೋಯಿತು. ‘ಮೋಸ, 500 ಅಂತ ಹೇಳಿ 465 ಕೊಟ್ಟಿದ್ದಾರೆ’ ಅಂತ ಒಬ್ಬರು. ‘ಸತ್ತ ಪೀಸ್, ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ’ ಅಂತ ಇನ್ನೊಬ್ಬರು. ಮತ್ತೊಬ್ಬರು ಖಾಲಿ ಡಬ್ಬದ ಫೋಟೊ ಹಾಕಿ ‘ಬಿಗಿಯಲು ಸ್ಕ್ರೂ ಇಲ್ಲ’ ಅಂತ ಒಂದು ಸ್ಟಾರ್. ಅದೇ ಪುಟದಲ್ಲಿ ‘ಸೂಪರ್! ಇವತ್ತೇ ಬಂತು, ಇನ್ನೂ ಓಪನ್ ಮಾಡಿಲ್ಲ’ ಅಂತ ಐದು ಸ್ಟಾರ್. ಯಾರ ಮಾತು ಕೇಳುವುದು? ನಿಮ್ಮ ಅನುಭವ ಹೇಳಿ, ಪ್ಲೀಸ್.

ತಪ್ಪೊಪ್ಪಿಗೆ:

‘ಕಾಣಿಸುವುದೇ ಇಲ್ಲ’ ಅಂತ ಬರೆದವನು ನಾನೇ ಇರಬಹುದು.

ನಿಜ ಹೇಳುತ್ತೇನೆ. ಮೂರು ವರ್ಷದ ಹಿಂದೆ ಎಸ್‌ಎಸ್‌ಡಿ ತರಿಸಿದೆ. ಯೂಟ್ಯೂಬ್ ನೋಡಿಕೊಂಡು ನಾನೇ ಹಾಕಿದೆ. ಕಂಪ್ಯೂಟರ್ ಆನ್ ಆಯಿತು. ದಿಸ್ ಪಿಸಿ ತೆರೆದರೆ ಹಳೇ ಸಿ ಡ್ರೈವ್, ಡಿ ಡ್ರೈವ್, ಅಷ್ಟೇ. ಬಿಚ್ಚಿದೆ, ಊದಿದೆ, ಮತ್ತೆ ಹಾಕಿದೆ. ಇಲ್ಲ. ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು, ‘ದುಡ್ಡು ದಂಡ, ಯಾರೂ ತಗೋಬೇಡಿ’ ಅಂತ ದೊಡ್ಡ ಪ್ರಬಂಧವನ್ನೇ ಬರೆದೆ.

ಭಾನುವಾರ ಅಕ್ಕನ ಮಗ ಬಂದ. ಪಿಯುಸಿ ಹುಡುಗ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ. ಅಲ್ಲಿ ಕಪ್ಪು ಪಟ್ಟಿ ಹಾಕಿಕೊಂಡು ನನ್ನ ಎಸ್‌ಎಸ್‌ಡಿ ಪಾಪ ಕೂತಿತ್ತು. ಹೊಸ ಡ್ರೈವ್ ಖಾಲಿ ಸೈಟ್ ಇದ್ದ ಹಾಗೆ. ಮೊದಲು ಇನಿಶಿಯಲೈಜ್ ಮಾಡಬೇಕು, ಅಂದರೆ ಬಳಕೆಗೆ ಸಿದ್ಧ ಮಾಡಬೇಕು, ಜಿಪಿಟಿ ಅನ್ನುವ ವಿಭಜನೆಯ ಬಗೆ ಆರಿಸಬೇಕು, ಆಮೇಲೆ ಫಾರ್ಮ್ಯಾಟ್. ಆಗಲೇ ಅದಕ್ಕೊಂದು ಅಕ್ಷರ ಸಿಗುತ್ತದೆ, ದಿಸ್ ಪಿಸಿಯಲ್ಲಿ ಕಾಣುತ್ತದೆ. ಒಟ್ಟು ಎರಡು ನಿಮಿಷದ ಕೆಲಸ. ‘ಮಾಮ, ರಿವ್ಯೂ ಡಿಲೀಟ್ ಮಾಡಿ’ ಅಂದ. ಮಾಡಲು ಹೋದರೆ ಅಷ್ಟರಲ್ಲಿ ಏಳು ಜನ ‘ಉಪಯುಕ್ತ’ ಅಂತ ಒತ್ತಿದ್ದರು. ಆ ಏಳು ಜನರಿಗೆ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ.

ಲೆಕ್ಕದ ಮೇಷ್ಟ್ರು:

465ರ ಕಥೆ ನಾನು ಹೇಳುತ್ತೇನೆ. ಹಳಬರಿಗೆ ಕಚ್ಚಾ ಸೇರು, ಪಕ್ಕಾ ಸೇರು ನೆನಪಿರಬಹುದು. ಹೆಸರು ಎರಡಕ್ಕೂ ಸೇರು, ಅಳತೆ ಬೇರೆ. ಇದೂ ಹಾಗೇ. ಡ್ರೈವ್ ಮಾಡುವವರ ಜಿಬಿ ಅಂದರೆ 100 ಕೋಟಿ ಬೈಟ್. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, ಆ 107 ಕೋಟಿ ಚಿಲ್ಲರೆಗೆ ಒಂದು ಜಿಬಿ ಅನ್ನುತ್ತದೆ. ಹಾಗಾಗಿ 500 ಹೋಗಿ 465 ಆಗುತ್ತದೆ, 1 ಟಿಬಿ ಹೋಗಿ 931. ಒಂದು ಬೈಟೂ ಕಳುವಾಗಿಲ್ಲ. ಅದೇ ಡ್ರೈವನ್ನು ಮ್ಯಾಕ್‌ಗೆ ಚುಚ್ಚಿ ನೋಡಿ, ಪೂರ್ತಿ 500 ತೋರಿಸುತ್ತದೆ. ಆಪಲ್ 2009ರ ಸ್ನೋ ಲೆಪರ್ಡ್‌ನಿಂದ ಸಾವಿರದ ಲೆಕ್ಕಕ್ಕೆ ಬದಲಾಯಿತು.

ನಗಬೇಡಿ, ಈ ತಕರಾರು ಅಮೆರಿಕದಲ್ಲಿ ಕೋರ್ಟಿಗೂ ಹೋಗಿತ್ತು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ರಾಜಿಗೆ ಬಂದು, ಕೊಂಡವರಿಗೆ ಬ್ಯಾಕಪ್ ಸಾಫ್ಟ್‌ವೇರ್ ಉಚಿತವಾಗಿ ಕೊಡಲು ಒಪ್ಪಿತು. ಈಗ ಡಬ್ಬದ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘1 ಜಿಬಿ ಎಂದರೆ 100 ಕೋಟಿ ಬೈಟ್’ ಅನ್ನುವ ಅರ್ಥದ ಒಂದು ಸಾಲು ಇರುತ್ತದಲ್ಲ, ಅದು ಸುಮ್ನೆ ಬಂದದ್ದಲ್ಲ.

ಪಾತ್ರಪ್ಪ ರೋಡ್:

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ಬಹಳ ವರ್ಷ ಆಯಿತು. ಆನ್‌ಲೈನ್‌ನಲ್ಲಿ ತರಿಸಿ, ಒಂದು ಸ್ಟಾರ್ ಕೊಟ್ಟು, ಆಮೇಲೆ ನಮ್ಮ ಹತ್ತಿರ ಬರುವವರೇ ಜಾಸ್ತಿ. ಆದ್ದರಿಂದ ಆ ರಿವ್ಯೂಗಳ ಒಳಗಿನ ಮರ್ಮ ನನಗೆ ಸ್ವಲ್ಪ ಗೊತ್ತು.

‘ಡಿಸ್‌ಪ್ಲೇ ಬರುತ್ತಿಲ್ಲ, ಪ್ರೊಸೆಸರ್ ಸತ್ತಿದೆ’ ಅನ್ನುವವರಲ್ಲಿ ಅರ್ಧಕ್ಕರ್ಧ ಜನ ಇಂಟೆಲ್‌ನ ಕೊನೆಗೆ ಎಫ್ ಇರುವ ಮಾಡೆಲ್ ತಗೊಂಡಿರುತ್ತಾರೆ. ನೂರಿನ್ನೂರಲ್ಲ, ಸಾವಿರಾರು ರೂಪಾಯಿ ಕಡಿಮೆ ಅಂತ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆ ಮೇಲೆ ಏನು ಬಂದೀತು? ಎಎಂಡಿ ಕಂಪನಿಯ ರೈಜನ್ 5600ಎಕ್ಸ್ ಪ್ರೊಸೆಸರ್ ಕೂಡ ಹಾಗೇ. ಇನ್ನು ಕಾರ್ಡ್ ಇದ್ದವರು ಎಚ್‌ಡಿಎಂಐ ವೈರನ್ನು ಮದರ್‌ಬೋರ್ಡಿಗೆ ಚುಚ್ಚಿ, ಕಾರ್ಡ್ ಕೆಲಸ ಮಾಡುತ್ತಿಲ್ಲ ಅನ್ನುತ್ತಾರೆ. ಒಬ್ಬರು ಗೇಮಿಂಗ್ ಕಾರ್ಡಿಗೆ ದೊಡ್ಡ ದುಡ್ಡು ಸುರಿದು ಆರು ತಿಂಗಳು ಹಾಗೇ ಓಡಿಸಿದ್ದರು. ನಾನು ವೈರ್ ಕಿತ್ತು ಕೆಳಗಿನ ತೂತಿಗೆ ಹಾಕಿದೆ. ‘ಎಷ್ಟಾಯಿತು?’ ಅಂದರು. ಏನಂತ ಬಿಲ್ ಮಾಡಲಿ?

ನನಗೆ ಇಷ್ಟವಾದ ಕೇಸ್ ಕೂಲರಿನದು. ‘ಕೂಲರ್ ದಂಡ, ಪ್ರೊಸೆಸರ್ ತೊಂಬತ್ತು ಡಿಗ್ರಿ ದಾಟುತ್ತದೆ’ ಅಂತ ಬೈದು ಬರೆದವರೇ ಅಂಗಡಿಗೆ ಬಂದರು. ಬಿಚ್ಚಿದೆ. ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಅದರ ಮೇಲೆ ‘ಹಾಕುವ ಮೊದಲು ತೆಗೆಯಿರಿ’ ಅಂತ ಇಂಗ್ಲಿಷಿನಲ್ಲಿ ಬರೆದೂ ಇತ್ತು. ಅಕ್ಷರ ಒಂದೂ ಮಾಸಿರಲಿಲ್ಲ.

ಈಗ ನಿಮ್ಮ ವಿಷಯ, ಸರ್. ರ‍್ಯಾಮ್ ತಗೊಳ್ಳುವಾಗ ಹುಷಾರು. ಎಷ್ಟೋ ಕಡೆ ಒಂದೇ ಪುಟದಲ್ಲಿ ಲ್ಯಾಪ್‌ಟಾಪಿನದು, ಡೆಸ್ಕ್‌ಟಾಪಿನದು, 8 ಜಿಬಿ, 16 ಜಿಬಿ ಎಲ್ಲ ಸೇರಿಸಿ ಮಾರುತ್ತಾರೆ. ರಿವ್ಯೂಗಳೂ ಕಲಸುಮೇಲೋಗರ. ‘ಉದ್ದ ಜಾಸ್ತಿ, ಹಿಡಿಸಲಿಲ್ಲ’ ಅಂತ ಬರೆದವರು ಡೆಸ್ಕ್‌ಟಾಪಿನದು ತರಿಸಿ ಲ್ಯಾಪ್‌ಟಾಪಿಗೆ ತುರುಕಿರುತ್ತಾರೆ. ನಿಮಗೆ ಬೇಕಾದದ್ದು ಲ್ಯಾಪ್‌ಟಾಪಿನ ಡಿಡಿಆರ್4, 260 ಪಿನ್. ಅದಕ್ಕಿಂತ ಹಳೇ ಬಗೆಯ ಡಿಡಿಆರ್3ರದ್ದು 204 ಪಿನ್, ನಡುವಿನ ಕಚ್ಚು ಬೇರೆ ಜಾಗದಲ್ಲಿ ಇರುತ್ತದೆ, ಕೂರುವುದಿಲ್ಲ. ಒತ್ತಿ ಕೂರಿಸಿದವರೂ ಇದ್ದಾರೆ, ಅದು ಬೇರೆ ಕಥೆ. ವೇಗ 3200 ಅಂತ ಬರೆದ ರ‍್ಯಾಮ್ ಹಾಕಿದರೆ ನಿಮ್ಮಲ್ಲಿ 2400 ತೋರಿಸಬಹುದು. ಎಂಟನೇ ಜನರೇಷನ್ ಲ್ಯಾಪ್‌ಟಾಪ್ ಐ5 ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಅದಕ್ಕೂ ಒಂದು ಸ್ಟಾರ್ ಕೊಟ್ಟವರನ್ನು ಕಂಡಿದ್ದೇನೆ.

ಇನ್ನೊಂದು. ನಿಮ್ಮ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಎನ್‌ವಿಎಂಇ ಹಿಡಿಯುತ್ತದಾ, ಬರೀ ಹಳೇ ಬಗೆಯ ಸಾಟಾನಾ ಅಂತ ಮೊದಲು ಮಾಡೆಲ್ ನಂಬರ್ ಹಾಕಿ ಮ್ಯಾನುಯಲ್ ನೋಡಿ. ಕೆಲವು ಲ್ಯಾಪ್‌ಟಾಪಿನಲ್ಲಿ ಡ್ರೈವ್ ಚೆನ್ನಾಗಿ ಕೂರುತ್ತದೆ, ಆದರೆ ಬೋರ್ಡಿಗೆ ಅದರ ಭಾಷೆ ಬರುವುದಿಲ್ಲ. ಆಗ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೂ ಕಾಣುವುದಿಲ್ಲ.

ಹುಬ್ಬಳ್ಳಿ ಹುಡುಗ:

ನಾನು ಹಾರ್ಡ್ ಡಿಸ್ಕ್ ರಿವ್ಯೂ ಓದುವುದು ಟೈಮ್‌ಪಾಸ್‌ಗೆ. ‘ಡೆಲಿವರಿ ಹುಡುಗ ಫೋನ್ ಎತ್ತಲಿಲ್ಲ’ ಅಂತ ಡಿಸ್ಕಿಗೆ ಒಂದು ಸ್ಟಾರ್. ‘ಬಣ್ಣ ಚೆಂದ ಇದೆ’ ಅಂತ ಐದು. ಎಲ್ಲಕ್ಕಿಂತ ಮಜಾ ಅಂದರೆ ಪ್ರಶ್ನೋತ್ತರ. ಯಾರೋ ‘ಇದು ಪಿಎಸ್4ಗೆ ಆಗುತ್ತದಾ?’ ಅಂತ ಕೇಳಿರುತ್ತಾರೆ. ಉತ್ತರ: ‘ಗೊತ್ತಿಲ್ಲ ಸರ್, ನಾನು ತಮ್ಮನಿಗೆ ಗಿಫ್ಟ್ ಕೊಟ್ಟೆ.’ ಗೊತ್ತಿಲ್ಲ ಅಂತ ಹೇಳಲಿಕ್ಕೆ ಟೈಪ್ ಮಾಡಿ ಕಳಿಸಿದ್ದಾನಲ್ಲ, ಅವನ ತಾಳ್ಮೆಗೆ ಐದು ಸ್ಟಾರ್.

ಪೆನ್‌ಡ್ರೈವ್ ಸಂತ್ರಸ್ತೆ:

ನೀವೆಲ್ಲ ಒಂದು ಸ್ಟಾರ್ ಕೊಟ್ಟವರನ್ನು ನೋಡಿ ನಗುತ್ತಿದ್ದೀರಿ. ನನ್ನನ್ನು ಮುಳುಗಿಸಿದ್ದು ಐದು ಸ್ಟಾರಿನವರು.

2 ಟಿಬಿ ಪೆನ್‌ಡ್ರೈವ್, ಬೆಲೆ 600 ರೂಪಾಯಿ. ಹೆಸರು ಕೇಳದ ಬ್ರ್ಯಾಂಡ್. ‘ತುಂಬಾ ಸ್ಪೀಡ್’, ‘ಮೆಟಲ್ ಬಾಡಿ ಗಟ್ಟಿಯಾಗಿದೆ’, ‘2 ಟಿಬಿ ತೋರಿಸುತ್ತಿದೆ, ಜೆನ್ಯೂನ್’ ಅಂತ ಸಾಲು ಸಾಲು ಹೊಗಳಿಕೆ. ತರಿಸಿದೆ. ನನಗೂ 2 ಟಿಬಿ ತೋರಿಸಿತು. ಮಗಳ ನಾಮಕರಣದ ಫೋಟೊ, ವಿಡಿಯೊ ಎಲ್ಲ ಹಾಕಿ, ಫೋನಿನಿಂದ ಅಳಿಸಿದೆ. ತಿಂಗಳಾದ ಮೇಲೆ ಅತ್ತೆಗೆ ತೋರಿಸಲು ಹೋದರೆ ಫೈಲ್ ಹೆಸರು ಇದೆ, ಫೋಟೊ ತೆರೆಯುತ್ತಿಲ್ಲ. ಮೊದಲು ಹಾಕಿದ ಒಂದಷ್ಟು ಮಾತ್ರ ಉಳಿದಿದ್ದವು.

ಆಮೇಲೆ ಗೊತ್ತಾಯಿತು. ಒಳಗೆ ಇದ್ದದ್ದು 32 ಜಿಬಿ ಚಿಪ್. ಅದನ್ನು ನಡೆಸುವ ಕಂಟ್ರೋಲರಿಗೆ ‘ನಾನು 2 ಟಿಬಿ’ ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ. ಕಾಪಿ ಆಯಿತು ಅಂತ ಮಾತ್ರ ಠೀವಿಯಿಂದ ಹೇಳುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಲಿನಕ್ಸ್‌ನವರಿಗೆ ಎಫ್3. ಡ್ರೈವನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಬಣ್ಣ ಬಯಲಾಗುತ್ತದೆ.

ಆ ಐದು ಸ್ಟಾರಿನವರು ಎಲ್ಲರೂ ಸುಳ್ಳುಗಾರರಲ್ಲ ಅನ್ನಿಸುತ್ತದೆ. ಬಂದ ದಿನವೇ ಚುಚ್ಚಿ, ನಂಬರ್ ನೋಡಿ, ಖುಷಿಯಾಗಿ ಬರೆದವರು. 2022ರಲ್ಲಿ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಆನ್‌ಲೈನ್ ರಿವ್ಯೂಗೆ ಅಂತಲೇ ಐಎಸ್ 19000 ಅನ್ನುವ ಮಾನದಂಡ ತಂದಿತು, ಸುಳ್ಳು ರಿವ್ಯೂ ತಡೆಯಲು. ಪ್ರಾಮಾಣಿಕವಾಗಿ, ಏನೂ ಪರೀಕ್ಷೆ ಮಾಡದೆ ಹೊಗಳುವವರನ್ನು ತಡೆಯಲು ಯಾವ ಮಾನದಂಡ ಇದೆ? ನಾನಂತೂ ಈಗ ತಿಂಗಳು ಕಳೆದ ಮೇಲೆ ಬರೆದ ರಿವ್ಯೂ ಮಾತ್ರ ಓದುತ್ತೇನೆ. ಮೂರು ಸ್ಟಾರಿನವು ಒಳ್ಳೆಯವು. ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ.

ಕೇಬಲ್ ಪ್ರೇಮಿ:

ಅಕ್ಕ, ನಿಮ್ಮದು ಕೇಳಿ ಬೇಜಾರಾಯಿತು. ಸ್ವಲ್ಪ ನಗಲು ಒಂದು ಹೇಳುತ್ತೇನೆ. 2008ರ ಸುಮಾರಿಗೆ ಡೆನಾನ್ ಅನ್ನುವ ಆಡಿಯೊ ಕಂಪನಿ ಎಕೆ-ಡಿಎಲ್1 ಅಂತ ಒಂದು ಕೇಬಲ್ ಮಾರುತ್ತಿತ್ತು. ನೋಡಲು ಮಾಮೂಲಿ ಈಥರ್ನೆಟ್ ಕೇಬಲ್, ಎರಡು ಮೀಟರ್ ಉದ್ದವೂ ಇಲ್ಲ. ಬೆಲೆ 499 ಡಾಲರ್! ಸಿಗ್ನಲ್ ಯಾವ ಕಡೆ ಹೋಗಬೇಕು ಅಂತ ಬಾಣದ ಗುರುತು ಬೇರೆ. ಅಮೆಜಾನಿನಲ್ಲಿ ಜನ ಬೇಕಂತಲೇ ಐದು ಸ್ಟಾರಿನ ತಮಾಷೆ ರಿವ್ಯೂ ಬರೆಯಲು ಶುರು ಮಾಡಿದರು. ಕೇಬಲ್ ಹಾಕಿದ್ದೇ ತಡ, ಮನೆಯಲ್ಲಿ ಪವಾಡ ನಡೆದವು ಅನ್ನುವ ಧಾಟಿ. ಕೇಬಲ್ ಕೊಂಡವರಿಗಿಂತ ರಿವ್ಯೂ ಓದಿದವರೇ ಜಾಸ್ತಿ ಇರಬೇಕು. ಸ್ಟಾರ್ ಮಾತ್ರ ನೋಡಿ ಕೊಳ್ಳುವವರು ಅದನ್ನೂ ಕೊಂಡುಬಿಡುತ್ತಾರೆ, ಅಲ್ವಾ?

970 ಇಟ್ಟುಕೊಂಡವನು:

ಒಂದು ಮಾತು. ಬೈಯುವವರೆಲ್ಲ ದಡ್ಡರು ಅಂದುಕೊಳ್ಳಬೇಡಿ. 2014ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್ ಬಂತು, 4 ಜಿಬಿ ಮೆಮೊರಿ ಅಂತ. ಕೆಲವರು ‘3.5 ದಾಟಿದರೆ ಏನೋ ಎಡವುತ್ತಿದೆ’ ಅಂತ ಗೊಣಗಿದರು. ಗೇಮ್ ಸರಿ ಇಲ್ಲ, ನಿಮಗೆ ಡ್ರೈವರ್ ಸಾಫ್ಟ್‌ವೇರ್ ಹಾಕಲು ಬರುವುದಿಲ್ಲ ಅಂತ ಉಳಿದವರು ಅವರನ್ನೇ ಬೈದರು. 2015ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. 3.5 ಜಿಬಿ ಪೂರ್ತಿ ವೇಗ, ಕೊನೆಯ ಅರ್ಧ ಜಿಬಿ ನಿಧಾನ. 2016ರಲ್ಲಿ ಅಮೆರಿಕದ ಗಿರಾಕಿಗಳಿಗೆ 30 ಡಾಲರ್ ಕೊಡುವ ರಾಜಿ ಆಯಿತು. ನನಗೇನೂ ಸಿಗಲಿಲ್ಲ, ನಾನಿದ್ದದ್ದು ದಾವಣಗೆರೆಯಲ್ಲಿ.

ಹಾಗಾಗಿ ನಾನು ನೋಡುವುದು ಇಷ್ಟೇ. ದೂರಿನಲ್ಲಿ ಏನು ಮಾಡಿದರು, ಯಾವ ಯಂತ್ರದಲ್ಲಿ, ಏನು ಆಯಿತು ಅಂತ ಇದೆಯಾ? ನಾಲ್ಕಾರು ಜನ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತಿದ್ದಾರಾ? ಹಾಗಿದ್ದರೆ ನಿಲ್ಲುತ್ತೇನೆ. ಬರೀ ‘ಮೋಸ ಮೋಸ’ ಅಂತಿದ್ದರೆ ಮುಂದಕ್ಕೆ ಹೋಗುತ್ತೇನೆ.

ಹಳೇ ಲ್ಯಾಪ್‌ಟಾಪ್ (ಕೇಳಿದವರು):

ಎಲ್ಲರಿಗೂ ಥ್ಯಾಂಕ್ಸ್. ಮ್ಯಾನುಯಲ್ ನೋಡಿದೆ, ಎನ್‌ವಿಎಂಇ ಹಿಡಿಯುತ್ತದೆ. ಎರಡೂ ತರಿಸಿದೆ. ಎಸ್‌ಎಸ್‌ಡಿ ಕಾಣಿಸಲಿಲ್ಲ, ಹೆದರಲಿಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. 465 ತೋರಿಸಿತು, ಮೇಷ್ಟ್ರನ್ನು ನೆನೆಸಿಕೊಂಡೆ. ರ‍್ಯಾಮ್ 2400ಕ್ಕೆ ಓಡುತ್ತಿದೆ. ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ, ಹಾಲು ಒಲೆ ಮೇಲೆ ಇಡುವಷ್ಟರಲ್ಲಿ ಆನ್ ಆಗುತ್ತದೆ. ಆದರೆ ಸ್ಕ್ರೂ ಡಬ್ಬದಲ್ಲಿ ಇರಲಿಲ್ಲ. ಬೋರ್ಡಿನಲ್ಲೂ ಇರಲಿಲ್ಲ. ಆ ಫೋಟೊ ಹಾಕಿದ ಪುಣ್ಯಾತ್ಮ ಹೇಳಿದ್ದು ಅಕ್ಷರಶಃ ನಿಜ. ಸದ್ಯಕ್ಕೆ ಟೇಪ್ ಹಚ್ಚಿ ಕೂರಿಸಿದ್ದೇನೆ. ಎಷ್ಟು ಸ್ಟಾರ್ ಕೊಡಲಿ?

ಪಾತ್ರಪ್ಪ ರೋಡ್:

ಅಯ್ಯೋ, ಟೇಪ್ ಬಿಸಿಗೆ ಬಿಟ್ಟುಕೊಳ್ಳುತ್ತದೆ ಸರ್. ಎಂ2 ಸೈಜ್, ಅಂದರೆ 2 ಮಿ.ಮೀ. ದಪ್ಪದ, 3 ಮಿ.ಮೀ. ಉದ್ದದ ಸ್ಕ್ರೂ ಸಾಕು. ಈ ಕಡೆ ಬಂದಾಗ ಅಂಗಡಿಗೆ ಬನ್ನಿ, ಒಂದು ಹಿಡಿ ಸುಮ್ನೆ ಕೊಡುತ್ತೇನೆ. ಅದಕ್ಕೆ ರಿವ್ಯೂ ಮಾತ್ರ ಬರೆಯಬೇಡಿ.